ಸಸ್ಕ್ವೆಹಾನಾ ದಡದಲ್ಲಿ ಅಪ್ಪಯ್ಯನ ಗಾಳ

“ತಿನ್ನೋದಿಲ್ಲ ಅಂದ್ಮೇಲೆ ಹಿಡಿಯೋದು ಎಂತಕ್ಕೆ ಮಾರಾಯ್ತಿ?”

ಕಾರಿನ ಡಿಕ್ಕಿಯಿಂದ ಮೀನು ಹಿಡಿಯುವ ರಾಡು ತೆಗೆಯುತ್ತಿದ್ದೆ. ಅಪ್ಪಯ್ಯ ಟೋಪಿ ಸರಿ ಮಾಡಿಕೊಳ್ಳುತ್ತಾ ಕೇಳಿದರು. ಆ ವಾರ ಅವರು ಇದನ್ನು ಕೇಳಿದ್ದು ಮೂರನೇ ಸಲ. ಮೊದಲೆರಡು ಸಲ ನಾನು, ಈ ಮೀನು ಹಿಡಿದರೆ ವಾಪಸ್ ಬಿಡಬೇಕು ಅನ್ನುವ ಇಲ್ಲಿನ ಕಾನೂನು ಹೇಳಿ ಮಾತು ಮುಗಿಸಿದ್ದೆ. ಕಾನೂನು ಅವರಿಗೆ ಮೊದಲ ಸಲವೇ ಅರ್ಥವಾಗಿತ್ತು. ಅವರು ಕೇಳುತ್ತಿದ್ದದ್ದು ಬೇರೆ.

ಅಪ್ಪಯ್ಯ ಜೂನ್‌ನಲ್ಲಿ ತೀರ್ಥಹಳ್ಳಿ ಕಡೆಯಿಂದ ಪೆನ್ಸಿಲ್ವೇನಿಯಾಕ್ಕೆ ಬಂದಿದ್ದರು. ಮೊಣಕಾಲು ನೋವು ಅಂತ ಅಮ್ಮ ಬರಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ಅವರೊಬ್ಬರೇ. ತೋಟ ಇಲ್ಲ, ಕೊಟ್ಟಿಗೆ ಇಲ್ಲ, ದಾರಿಯಲ್ಲಿ ನಿಂತು ಮಾತಾಡಿಸುವವರೂ ಇಲ್ಲ. ದಿನಾ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ನಿನ್ನೆ ಎಷ್ಟು ಇಂಚು ಮಳೆ ಬಂತು ಅಂತ ಕೇಳುವುದೇ ಅವರಿಗೆ ದೊಡ್ಡ ಕೆಲಸ. ಆಗಸ್ಟ್ ಹೊತ್ತಿಗೆ ಅವರ ಮುಖ ನೋಡಿ ನನಗೆ ಸಂಕಟವಾಗತೊಡಗಿತು. ಒಂದು ಶುಕ್ರವಾರ ರಜೆ ಹಾಕಿದೆ. ಅವರ ಹೆಸರಲ್ಲಿ ಮೂರು ದಿನದ ಪ್ರವಾಸಿ ಲೈಸೆನ್ಸ್ ತೆಗೆದೆ. ಇಲ್ಲಿ ಹದಿನಾರು ವರ್ಷ ದಾಟಿದವರು ಯಾರೇ ಆಗಲಿ, ಲೈಸೆನ್ಸ್ ಇಲ್ಲದೆ ಗಾಳ ಹಾಕುವ ಹಾಗಿಲ್ಲ.

ನನಗೆ ಗಾಳ ಹಾಕಲು ಕಲಿಸಿದ್ದೇ ಅಪ್ಪಯ್ಯ. ಬಿದಿರಿನ ಕೋಲು, ನವಿಲುಗರಿ ದಂಟಿನ ಬೆಂಡು, ಗೊಬ್ಬರದ ಗುಂಡಿಯಿಂದ ತೆಗೆದ ಎರೆಹುಳ. ಸಿಕ್ಕಿದ್ದೆಲ್ಲ ಸಂಜೆ ಸಾರಿಗೆ. ಸಣ್ಣದು ಸಿಕ್ಕಿದರೂ ಅಮ್ಮ ಬೇಡ ಅನ್ನುತ್ತಿರಲಿಲ್ಲ. ಹಾಗಾಗಿ ಅವರ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ.

ನಾವು ಹೋಗಿದ್ದು ಹ್ಯಾರಿಸ್‌ಬರ್ಗ್ ಊರಿನ ಮೇಲ್ಗಡೆ, ಫೋರ್ಟ್ ಹಂಟರ್ ಪಾರ್ಕಿನ ಹತ್ತಿರದ ದಡಕ್ಕೆ. ಸಸ್ಕ್ವೆಹಾನಾ ನದಿ ಅಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಮೈಲಿ ಅಗಲ. ಆದರೆ ಬೇಸಿಗೆಯಲ್ಲಿ ಬಹಳ ಕಡೆ ನೀರು ಮೊಣಕಾಲಿಗೋ ತೊಡೆಗೋ ಬಂದರೆ ಹೆಚ್ಚು. ಅಡ್ಡಡ್ಡಕ್ಕೆ ಬಂಡೆಯ ಸಾಲುಗಳು. ಬೆಟ್ಟದ ಸಾಲನ್ನು ನದಿ ಕೊರೆದುಕೊಂಡು ಹೋದ ಜಾಗ ಅದು, ಬೆಟ್ಟದ ಬುಡವೇ ನೀರಿನಡಿ ಬಂಡೆಯಾಗಿ ಉಳಿದಿದೆ. ಸ್ವಲ್ಪ ಕೆಳಗೆ ರಾಕ್‌ವಿಲ್ ಸೇತುವೆ. 1902ರಲ್ಲಿ ಮುಗಿದ ರೈಲು ಸೇತುವೆ, ಕಲ್ಲಿನ ಕಮಾನುಗಳೇ 48. ಅಪ್ಪಯ್ಯ ಅದನ್ನು ನೋಡುತ್ತಾ ಬಹಳ ಹೊತ್ತು ನಿಂತರು. ಕಮಾನು ಎಣಿಸಲು ಶುರು ಮಾಡಿ, ಮೂವತ್ತರ ಹತ್ತಿರ ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಎಣಿಸಿದರು.

ಈ ನದಿಯ ಸ್ಮಾಲ್‌ಮೌತ್ ಬಾಸ್ ಮೀನಿಗೆ ದೊಡ್ಡ ಹೆಸರಿತ್ತು. 2005ರ ಬೇಸಿಗೆಯಲ್ಲಿ ಮರಿಗಳ ಮೈಮೇಲೆ ಹುಣ್ಣಾಗಿ ರಾಶಿ ರಾಶಿ ಸತ್ತವು. ನೀರು ಕಮ್ಮಿಯಾಗಿ, ಬಿಸಿಯಾದ ವರ್ಷಗಳಲ್ಲಿ ಅದು ಮತ್ತೆ ಮತ್ತೆ ಆಯಿತು. ಮರಿ ಉಳಿಯದಿದ್ದರೆ ದೊಡ್ಡ ಮೀನು ಎಲ್ಲಿಂದ ಬರಬೇಕು? ಅದಕ್ಕೇ 2011ರಲ್ಲಿ ನದಿಯ ಈ ಭಾಗಕ್ಕೆ ಕಟ್ಟುನಿಟ್ಟಾದ ನಿಯಮ ಬಂತು: ಬಾಸ್ ಹಿಡಿದರೆ ಆಗಲೇ ವಾಪಸ್ ಬಿಡಬೇಕು.

“ಮೊಟ್ಟೆ ಇಡೋ ಕಾಲದಲ್ಲಿ ಗಂಡು ಮೀನು ಗೂಡು ಕಾಯುತ್ತೆ ಅಪ್ಪಯ್ಯ. ಬಾಲದಿಂದ ಜಲ್ಲಿ ಗುಡಿಸಿ ಗೂಡು ಮಾಡೋದೂ ಅದೇ. ಅದನ್ನ ಎತ್ತಿದ್ರೆ ಬೇರೆ ಮೀನು ಬಂದು ಮೊಟ್ಟೆ ತಿಂದು ಹಾಕ್ತವೆ.”

“ನಮ್ಮ ಕೊರವ ಮೀನು ಮರಿ ಕಾಯಲ್ವಾ, ಹಾಗೇ,” ಅಂದರು. “ಕಾಪಾಡೋದು ಸರಿ. ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಯಾರಾದ್ರೂ ಮೀನು ಮುಟ್ತಾರಾ? ಅಕ್ಕಿ ಹಾಕಿ ಕೈ ಮುಗಿದು ಬರ್ತಾರೆ. ತಿನ್ನೋದಾದ್ರೆ ಹಿಡಿ, ಕಾಪಾಡೋದಾದ್ರೆ ಬಿಡು. ಇದೆಂತದು ಮಧ್ಯದಲ್ಲಿ, ಹಿಡಿದು ಬಿಡೋದು?”

ಈ ಸಲ ನಿಜ ಹೇಳಿದೆ. “ನಂಗೆ ಅದನ್ನ ನೋಡ್ಬೇಕು ಅಪ್ಪಯ್ಯ. ಒಂದು ನಿಮಿಷ ಕೈಯಲ್ಲಿ ಹಿಡೀಬೇಕು. ದಾರದಲ್ಲಿ ಅದರ ಜೀವ ಗೊತ್ತಾಗುತ್ತಲ್ಲ, ಅದು ಬೇಕು.”

“ಅದು ನಿಂಗೆ ಆಯ್ತು. ಮೀನಿಗೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಹಿಂದಿನ ವರ್ಷದ ಒಂದು ವಿಷಯ ಯಾರಿಗೂ ಹೇಳದೆ ಉಳಿದಿತ್ತು. ಅದನ್ನು ಹೇಳಿದೆ. ಇದೇ ದಡದಲ್ಲಿ ಎರೆಹುಳ ಕಟ್ಟಿ ಗಾಳ ಹಾಕಿದ್ದೆ. ನನ್ನ ಗಮನ ಫೋನಿನ ಮೇಲಿತ್ತು. ನೋಡುವಷ್ಟರಲ್ಲಿ ಮೀನು ಹುಳವನ್ನು ಪೂರಾ ನುಂಗಿತ್ತು. ಗಾಳ ಗಂಟಲು ದಾಟಿ ಒಳಗೆ ಹೋಗಿತ್ತು. ದಾರ ಕತ್ತರಿಸಿ ಬಿಡುವುದು ಬಿಟ್ಟು, ತೆಗೆಯಲು ಹೋದೆ. ಕಿವಿರಿನಿಂದ ರಕ್ತ ಬಂತು. ನೀರಿಗೆ ಬಿಟ್ಟರೆ ಮಗುಚಿಕೊಂಡು, ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿಹೋಯಿತು. ಅದನ್ನು ಮನೆಗೆ ತರುವ ಹಾಗೂ ಇರಲಿಲ್ಲ. ಯಾರ ಹೊಟ್ಟೆಗೂ ಆಗದೆ ಒಂದು ಜೀವ ಹೋಯಿತು, ನನ್ನ ಕೈಯಿಂದ. ಅವತ್ತಿಂದ ಎರೆಹುಳ ಬಿಟ್ಟೆ. ಈಗ ಟ್ಯೂಬು ಅನ್ನುವ ರಬ್ಬರಿನ ನಕಲಿ ಹುಳ, ಒಂದೇ ಕೊಕ್ಕೆ, ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ ಕಟ್ಟುತ್ತೇನೆ. ಮೀನು ಬಾಯಲ್ಲಿ ಹಿಡಿದ ಕೂಡಲೇ ಎಳೆಯುತ್ತೇನೆ, ಗಾಳ ತುಟಿಯಲ್ಲೇ ಸಿಕ್ಕುತ್ತದೆ.

ಅಪ್ಪಯ್ಯ ನನ್ನ ಕೈಯಿಂದ ಕೊಕ್ಕೆ ತೆಗೆದುಕೊಂಡು, ಮುಳ್ಳಿದ್ದ ಜಾಗವನ್ನು ಉಗುರಿನಿಂದ ಸವರಿ ನೋಡಿದರು. ಏನೂ ಹೇಳಲಿಲ್ಲ.

ಒಂದು ಗಂಟೆ ನನಗೆ ಏನೂ ಸಿಗಲಿಲ್ಲ. ನಾನು ದೂರಕ್ಕೆ, ನದಿಯ ನಡುವಿನ ಬಂಡೆಗಳ ಕಡೆಗೆ ಬೀಸಿ ಎಸೆಯುತ್ತಿದ್ದೆ. ದೋಣಿ ಇಲ್ಲದವರೆಲ್ಲ ಮಾಡುವ ತಪ್ಪು ಇದು. ಒಳ್ಳೆ ಮೀನೆಲ್ಲ ಅಲ್ಲೆಲ್ಲೋ ದೂರದಲ್ಲಿದೆ ಅನ್ನಿಸುತ್ತದೆ. ಅಪ್ಪಯ್ಯ ನೀರಿಂದ ಹತ್ತಡಿ ಹಿಂದೆ, ಮರದ ಬುಡದಲ್ಲಿ ಕೂತು ನೋಡುತ್ತಿದ್ದರು.

“ದಬದಬ ಓಡಾಡಬೇಡ. ಕಲ್ಲು ಅಲ್ಲಾಡಿದ್ರೆ ಅವಕ್ಕೆ ಗೊತ್ತಾಗುತ್ತೆ,” ಅಂದರು. ಆಮೇಲೆ ಎದ್ದು ಬಂದು, ದಡದಿಂದ ಇಪ್ಪತ್ತಡಿಯಲ್ಲಿದ್ದ ಒಂದು ಕಲ್ಲು ತೋರಿಸಿದರು. ಎಮ್ಮೆ ಮಲಗಿದ ಹಾಗಿತ್ತು. ನೀರು ಅದರ ಎರಡೂ ಪಕ್ಕ ಸುತ್ತಿಕೊಂಡು ಓಡುತ್ತಿತ್ತು, ಹಿಂದೆ ಚಾಪೆಯಷ್ಟು ಜಾಗದಲ್ಲಿ ಸುಮ್ಮನಿತ್ತು. “ಮೀನಿಗೂ ದಣಿವಾಗಲ್ವಾ? ಓಡೋ ನೀರಲ್ಲಿ ಎಂತಕ್ಕೆ ನಿಲ್ಲುತ್ತೆ ಅದು? ಅಲ್ಲಿ ಕೂತು, ಬಾಯಿಗೆ ಬಂದದ್ದು ತಿಂತದೆ.”

ಇದನ್ನೇ ಅವರು ನನಗೆ ಎಂಟು ವರ್ಷ ಇದ್ದಾಗ ತುಂಗೆಯ ದಡದಲ್ಲಿ ಹೇಳಿದ್ದರು. ಕಲ್ಲಿನ ಮೇಲ್ಗಡೆ ಟ್ಯೂಬು ಹಾಕಿದೆ. ರೀಲು ಸುತ್ತಲಿಲ್ಲ. ಹರಿವೇ ಅದನ್ನು ತಳದ ಜಲ್ಲಿಯ ಮೇಲೆ ಉರುಳಿಸಿಕೊಂಡು ಬಂತು. ಟಿಕ್, ಟಿಕ್ ಅಂತ ಕಲ್ಲು ತಾಗುವುದು ಬೆರಳಿಗೆ ಗೊತ್ತಾಗುತ್ತಿತ್ತು. ಸುಮ್ಮನಿದ್ದ ನೀರಿನ ಅಂಚಿಗೆ ಬಂದ ಕೂಡಲೇ ಆ ಟಿಕ್ ನಿಂತಿತು. ದಾರ ಓರೆಯಾಗಿ ಮೇಲಕ್ಕೆ ಸರಿಯಿತು.

ಎಳೆದೆ. ಮೀನು ಮೂರಡಿ ಗಾಳಿಗೆ ಹಾರಿತು. ತಲೆ ಒದರಿತು, ಬಿತ್ತು, ಮತ್ತೆ ಹಾರಿತು. ಗಾತ್ರಕ್ಕೆ ಹೋಲಿಸಿದರೆ ಇದರಷ್ಟು ಜೋರಾಗಿ ಎಳೆಯುವ ಮೀನನ್ನು ನಾನು ಕಂಡಿಲ್ಲ. ನೀರು ಬೆಚ್ಚಗಿರುವ ತಿಂಗಳಲ್ಲಿ ಅದನ್ನು ಜಾಸ್ತಿ ದಣಿಸಬಾರದು. ಬೇಗ ದಡಕ್ಕೆ ತಂದು, ಕೈ ಒದ್ದೆ ಮಾಡಿಕೊಂಡು, ಕೆಳತುಟಿ ಹಿಡಿದು ಎತ್ತಿದೆ.

ಸುಮಾರು 15 ಇಂಚು. ಈ ನದಿಯಲ್ಲಿ ಇಷ್ಟು ಬೆಳೆಯಲು ಹಲವು ವರ್ಷ ಬೇಕು. ಹಳೆಯ ಕಂಚಿನ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಬರುತ್ತದಲ್ಲ, ಆ ಬಣ್ಣ. ಪಕ್ಕೆಯ ಮೇಲೆ ಮೇಲಿಂದ ಕೆಳಗೆ ಕಪ್ಪು ಪಟ್ಟೆಗಳು. ಕಣ್ಣು ಕುಂಕುಮದ ಕೆಂಪು. ಹಲ್ಲು ಅನ್ನುವಂಥದ್ದಿಲ್ಲ, ಹೆಬ್ಬೆರಳಿಗೆ ಮರಳು ಕಾಗದ ತಾಗಿದ ಹಾಗಿತ್ತು. ಗಂಟಲಲ್ಲಿ ಎರಡು ಕೂದಲೆಳೆಯಂಥ ಮೀಸೆ ಹೊರಗೆ ಚಾಚಿದ್ದವು. ಆಗಷ್ಟೇ ನುಂಗಿದ ಕ್ರೇಫಿಶ್‌ನದು. ಹೊಟ್ಟೆಯಲ್ಲಿ ಒಂದಿದ್ದರೂ ಇನ್ನೊಂದಕ್ಕೆ ಬಾಯಿ ಹಾಕಿತ್ತು. ಕೊಕ್ಕೆ ತಿರುವಿದೆ, ಸಲೀಸಾಗಿ ಬಂತು. ನೀರಿಗಿಟ್ಟ ಕೂಡಲೇ ಬಾಲ ಬಡಿದು ಹೋಯಿತು.

ಕ್ರೇಫಿಶ್ ಅಂದರೇನು ಅಂತ ಅಪ್ಪಯ್ಯನಿಗೆ ಹೇಳುವುದು ಕಷ್ಟವಾಯಿತು. ಸಿಗಡಿಗೆ ಏಡಿಯ ಕೊಂಬು ಇದ್ದ ಹಾಗೆ ಅಂದೆ. ಅವರು ಪ್ಯಾಂಟು ಮಡಚಿ ನೀರಿಗಿಳಿದು, ಒಂದೊಂದೇ ಕಲ್ಲು ಎತ್ತತೊಡಗಿದರು. ನಾಲ್ಕನೇ ಕಲ್ಲಿನಡಿ ಸಿಕ್ಕಿತು. ಕೊಂಬು ಎತ್ತಿ ಎದುರಿಸಿತು, ಮರುಕ್ಷಣ ಹಿಂದು ಹಿಂದಕ್ಕೆ ಚಿಮ್ಮಿ ಕೆಸರೆಬ್ಬಿಸಿತು. “ಹಿಂದಕ್ಕೆ ಹೋಗುತ್ತೆ ನೋಡು! ನಿನ್ನ ರಬ್ಬರನ್ನೂ ಹಾಗೇ ಎಳೀಬೇಕು,” ಅಂದರು. ಟ್ಯೂಬಿಗೆ ಮೀನು ಯಾಕೆ ಬೀಳುತ್ತದೆ ಅಂತ ನಾನು ಎಷ್ಟೋ ವಿಡಿಯೋ ನೋಡಿ ತಿಳಿದುಕೊಂಡಿದ್ದೆ. ಅವರಿಗೆ ಒಂದು ಕಲ್ಲು ಎತ್ತಿದ್ದೇ ಸಾಕಾಯಿತು.

ಆಮೇಲೆ ರಾಡು ಅವರ ಕೈಗೆ ಹೋಯಿತು. ರೀಲು ಅವರಿಗೆ ಹೊಸದು. ಬೀಸಿ ಎಸೆಯುವುದನ್ನು ನಾನೇ ಮಾಡಿ ಕೊಟ್ಟೆ. ದಾರವನ್ನು ಮಾತ್ರ ಅವರು ಎಡಗೈಯ ಎರಡು ಬೆರಳಿನ ನಡುವೆ ಹಿಡಿದರು, ಊರಿನ ಹಾಗೇ. ಎರಡು ಟ್ಯೂಬು ಕಲ್ಲಿಗೆ ಸಿಕ್ಕಿ ಹೋದವು. ಹೊತ್ತು ಮುಳುಗುತ್ತಾ ಬಂದಾಗ ಒಂದು ಮೀನು ಕಚ್ಚಿತು. ನನ್ನದಕ್ಕಿಂತ ಸಣ್ಣದು, ಹನ್ನೊಂದು ಇಂಚು ಇರಬಹುದು. ಅಪ್ಪಯ್ಯನ ಬಾಯಿಂದ “ಹೋ ಹೋ ಹೋ” ಅಂತ ಬಂದ ದನಿ ನಾನು ಆ ಎರಡು ತಿಂಗಳಲ್ಲಿ ಕೇಳಿರಲಿಲ್ಲ.

ಕೊಕ್ಕೆ ಅವರೇ ತೆಗೆದರು. ನೀರಿಂದ ಮೇಲೆ ಎತ್ತಲೇ ಇಲ್ಲ. ಬಗ್ಗಿ, ಮೀನಿನ ಮೂತಿ ಹರಿವಿಗೆ ಎದುರಾಗಿ ಮಾಡಿ, ಹೊಟ್ಟೆಯಡಿ ಅಂಗೈ ಕೊಟ್ಟು ನಿಲ್ಲಿಸಿದರು. ಹಾಗೆ ಹಿಡಿಯಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಕಿವಿರು ಎರಡು ಸಲ ತೆರೆದು ಮುಚ್ಚಿತು. “ಹೋಗು ಮಾರಾಯ,” ಅಂದರು. ಹೋಯಿತು. ಅಂಗೈ ಇನ್ನೂ ಸ್ವಲ್ಪ ಹೊತ್ತು ನೀರಲ್ಲೇ ಇತ್ತು.

ಕತ್ತಲಾಗುವಾಗ ಹುಳ ಎದ್ದವು. ಆಗಸ್ಟ್ ಸಂಜೆಗಳಲ್ಲಿ ಈ ನದಿಯಿಂದ ಬಿಳಿ ಮೇಫ್ಲೈಗಳು ಏಳುತ್ತವೆ. ತಳದ ಮಣ್ಣಲ್ಲಿ ಬೆಳೆದು, ಒಂದೇ ಸಂಜೆ ಮೇಲೆ ಬಂದು, ಜೊತೆಯಾಗಿ, ಮೊಟ್ಟೆ ಇಟ್ಟು ಸಾಯುತ್ತವೆ. ಮೊದಲು ಹತ್ತು, ಆಮೇಲೆ ನೂರು, ಆಮೇಲೆ ಎದುರಿನ ದಡವೇ ಕಾಣದಷ್ಟು. “ಮಳೆಹುಳ ಎದ್ದ ಹಾಗೇ ಇದೆ,” ಅಂದರು ಅಪ್ಪಯ್ಯ, ಮೆಲ್ಲಗೆ. ಊರಲ್ಲಿ ಮೊದಲ ಮಳೆಗೆ ಜಗಲಿಯ ದೀಪ ಆರಿಸಿ ಕೂರುತ್ತಿದ್ದೆವಲ್ಲ, ಹಾಗೇ ನನ್ನ ತಲೆಯ ಟಾರ್ಚ್ ಆರಿಸಿದರು. ನೀರಿನ ಮೇಲೆ ಚಪ್ ಚಪ್ ಅಂತ ಮೀನು ಬಾಯಿ ಹಾಕುವ ಸದ್ದು. ನಮ್ಮ ಕಾಲಿನ ಹತ್ತಿರ, ಒಂದಡಿ ನೀರಲ್ಲೂ. ಅಷ್ಟೊಂದು ಮೀನು ಇಲ್ಲೇ ಇತ್ತು. ನಾನು ರಾಡಿಗೆ ಕೈ ಹಾಕಿದೆ. ಅಪ್ಪಯ್ಯ ನನ್ನ ಮಣಿಕಟ್ಟು ಹಿಡಿದರು. “ತಿನ್ಲಿ ಬಿಡು.”

ಸೇತುವೆಯ ಮೇಲೆ ಒಂದು ಗೂಡ್ಸ್ ರೈಲು ಬಹಳ ಹೊತ್ತು ಹೋಯಿತು. ಈ ಮೀನು ಮೂಲದಲ್ಲಿ ಈ ನದಿಯದಲ್ಲ ಅಂತ ಆಗ ಹೇಳಿದೆ. ಪಕ್ಕದ ಪೊಟೊಮ್ಯಾಕ್ ನದಿಗೆ 1854ರಲ್ಲಿ ಬಂದಿದ್ದು ರೈಲಿನಲ್ಲೇ, ಉಗಿಬಂಡಿಯ ನೀರಿನ ತೊಟ್ಟಿಯಲ್ಲಿ ಈಜಿಕೊಂಡು. ಅಪ್ಪಯ್ಯನಿಗೆ ಅದು ಎಷ್ಟು ಇಷ್ಟವಾಯಿತೆಂದರೆ, ತೊಟ್ಟಿ ಎಷ್ಟು ದೊಡ್ಡದಿತ್ತು, ನೀರು ಬಿಸಿಯಾಗುತ್ತಿರಲಿಲ್ಲವಾ ಅಂತ ಕಾರಿನವರೆಗೂ ಕೇಳುತ್ತಲೇ ಬಂದರು.

ಸೀಟಿನಲ್ಲಿ ಕೂತು, ಅಂಗಿಯ ಮೇಲಿದ್ದ ಒಂದು ಬಿಳಿ ಹುಳವನ್ನು ಬೆರಳಿಗೆ ಹತ್ತಿಸಿಕೊಂಡು ಕಿಟಕಿಯಿಂದ ಆಚೆ ಬಿಟ್ಟರು.

“ಆದ್ರೂ ನಿನ್ನ ಆ ಮೀನು ನಮ್ಮ ಮೂವರಿಗೆ ಒಂದು ಹೊತ್ತಿನ ಸಾರಿಗೆ ಆಗ್ತಿತ್ತು,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನಾಳೆ ಆ ಎಮ್ಮೆ ಕಲ್ಲಿಗಿಂತ ಮೇಲೆ, ಬಿದ್ದ ಮರದ ಹತ್ರ ನೋಡಣ. ಇಕ್ಕಳ ಮರೀಬೇಡ.”