‘ಇದೂ ದೇವರ ಸೇವೆಯೇ?’ ಎಂದು ಕೇಳುವವರಿಗೆ

ಪ್ರತಿ ಶನಿವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನದವರೆಗೆ, ಚಿಕ್ಕಮಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಕಾಫಿ ತೋಟದ ಕಾರ್ಮಿಕರಿಗೆ ಭವಿಷ್ಯ ನಿಧಿ ಮತ್ತು ಪಿಂಚಣಿಯ ಅರ್ಜಿಗಳನ್ನು ಬರೆದುಕೊಡುತ್ತೇನೆ. ಹಣ ತೆಗೆದುಕೊಳ್ಳುವುದಿಲ್ಲ. 31 ವರ್ಷ ತೋಟದಲ್ಲಿ ರೈಟರಾಗಿ, ಕಾರ್ಮಿಕರ ಹಾಜರಿ-ಕೂಲಿಯ ಚೆಕ್‌ರೋಲ್ ಬರೆದವನು ನಾನು. ದುಂಡಗಿನ ಅಕ್ಷರ, ಲೆಕ್ಕದಲ್ಲಿ ತಾಳ್ಮೆ, ದೇವರು ನನಗೆ ಕೊಟ್ಟದ್ದು ಇವೆರಡು. ಭಾನುವಾರ ಆರಾಧನೆ ಮುಗಿದು ಹೊರಗೆ ನಿಂತಾಗಲೂ ಮದುವೆಯ ಪಂಕ್ತಿಯಲ್ಲಿ ಕುಳಿತಾಗಲೂ ನಮ್ಮ ಚರ್ಚಿನ ಸಭೆಯವರು ಕೇಳುವುದು ಒಂದೇ ಪ್ರಶ್ನೆ: ‘ಇದೂ ದೇವರ ಸೇವೆಯೇ?’ ಬಾಯಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಲಿ.

ಹೌದು, ಸೇವೆಯೇ. ಆದರೆ ನನ್ನನ್ನು ನೋಯಿಸುವುದು ಆ ಪ್ರಶ್ನೆಯಲ್ಲ, ಅದರೊಳಗಿನ ‘ಊ’. ‘ಇದು ಸೇವೆಯೇ’ ಎಂದು ಕೇಳುವವರಿಗೆ ತಿಳಿದುಕೊಳ್ಳುವ ಮನಸ್ಸಿರುತ್ತದೆ. ‘ಇದೂ ಸೇವೆಯೇ’ ಎನ್ನುವವರ ಬಳಿ ನಿಜವಾದ ಸೇವೆಗಳ ಪಟ್ಟಿಯೊಂದು ಮೊದಲೇ ತಯಾರಾಗಿರುತ್ತದೆ. ಪ್ರಸಂಗ, ಗಾಯನ, ಸಂಡೇ ಸ್ಕೂಲು, ಪ್ರಾರ್ಥನಾ ಕೂಟಗಳೆಲ್ಲ ಅದರಲ್ಲಿ ಕುಳಿತಾದ ಮೇಲೆ, ನನ್ನ ಕೆಲಸಕ್ಕೆ ಕೊನೆಯಲ್ಲೊಂದು ಜಾಗ ಕೊಡಬಹುದೋ ಬೇಡವೋ ಎಂದು ಅವರು ಯೋಚಿಸುತ್ತಿರುತ್ತಾರೆ. 1853ರಲ್ಲಿ ಸುವಾರ್ತೆ ಸಾರಲು ಈ ನಾಡಿಗೆ ಬಂದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳಿಗೆ ಒಂದೊಂದಾಗಿ ಅರ್ಥ ಬರೆದ ಆ ದುಡಿಮೆಯನ್ನು ನೆನೆದು ನಾವೆಲ್ಲರೂ ಹೆಮ್ಮೆಪಡುತ್ತೇವೆ. ಅದರ ಮುಂದೆ ಯಾರೂ ಈ ‘ಊ’ವನ್ನು ಇಟ್ಟದ್ದನ್ನು ನಾನು ಕೇಳಿಲ್ಲ.

ಒಮ್ಮೆ ಹಿರಿಯರೊಬ್ಬರು, ಯೇಸುವಿನ ಹತ್ತಿರದ ಶಿಷ್ಯರಾದ ಅಪೊಸ್ತಲರ ಬಗ್ಗೆ ಇರುವ ಬೈಬಲ್ ವಾಕ್ಯವನ್ನೇ ತೆಗೆದು ತೋರಿಸಿದರು. ‘ಅಪೊಸ್ತಲರೇ ಊಟ ಬಡಿಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ತಾವು ವಾಕ್ಯಸೇವೆಗೆ ನಿಂತರಲ್ಲ, ನೀವೂ ಹಾಗೆ ಮಾಡಬಾರದೇ?’ ಎಂದರು. ಅಂದು ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದೆ. ಮನೆಗೆ ಬಂದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 6ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದೆ. ಜೆರುಸಲೇಮಿನ ಸಭೆಯಲ್ಲಿ ದಿನನಿತ್ಯ ಆಹಾರ ಹಂಚುವಾಗ ಗ್ರೀಕ್ ಮಾತನಾಡುವ ವಿಧವೆಯರನ್ನು ಗಮನಿಸುತ್ತಿರಲಿಲ್ಲ ಎಂಬುದು ಅಲ್ಲಿಯ ದೂರು. ನನ್ನ ಜಗಲಿಗೆ ಬರುವವರ ದೂರೂ ಅದೇ: ಬರಬೇಕಾದದ್ದು ಇತರರಿಗೆ ಬಂದಿದೆ, ತಮ್ಮ ಹೆಸರು ಎಲ್ಲೋ ತಪ್ಪಿದೆ. ಅದನ್ನು ಸರಿಪಡಿಸಲು ಆರಿಸಿದ 7 ಮಂದಿ ಪವಿತ್ರಾತ್ಮದಿಂದಲೂ ಜ್ಞಾನದಿಂದಲೂ ತುಂಬಿದವರಾಗಿರಬೇಕೆಂದು ಅಪೊಸ್ತಲರು ಷರತ್ತು ಹಾಕಿದರು. ಅವರಲ್ಲೊಬ್ಬನಾದ ಸ್ತೆಫನನೇ ಮುಂದೆ ಸಭೆಯ ಮೊದಲ ಹುತಾತ್ಮನಾದನು. ಇನ್ನೊಂದು ಸಂಗತಿ ಆ ಹಿರಿಯರಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಆಹಾರ ಹಂಚುವುದಕ್ಕೆ ಗ್ರೀಕ್ ಮೂಲದಲ್ಲಿರುವ ‘ದಿಯಕೋನಿಯ’ ಎಂಬ ಪದವನ್ನೇ, ಮೂರು ವಚನಗಳಾದ ಮೇಲೆ ವಾಕ್ಯಬೋಧನೆಗೂ ಬಳಸಲಾಗಿದೆ. ಕೆಲಸ ಎರಡು, ಕೈಗಳು ಬೇರೆ, ಪದ ಒಂದೇ.

ಇಷ್ಟಾದರೂ ಈ ಪ್ರಶ್ನೆಗೆ ಉತ್ತರಿಸುವುದರಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ಯಾರಾದರೂ ‘ನಿಮ್ಮ ಜಗಲಿಯಲ್ಲಿ ಸೇವೆ ಮಾಡುವವರು ಯಾರು?’ ಎಂದು ಕೇಳಿದ್ದರೆ ಚೆನ್ನಾಗಿತ್ತು. ಆಗ ನಾನು ಒಬ್ಬ ಹೆಂಗಸಿನ ವಿಷಯ ಹೇಳುತ್ತಿದ್ದೆ.

ಆಕೆ ನಮ್ಮ ಸಭೆಯವರಲ್ಲ, ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಯಲ್ಲಿ ಬದುಕು ಕಳೆದವರು, 60 ದಾಟಿದವರು. ಅವರು ತಂದಿದ್ದ ಚೀಟಿಯಲ್ಲಿ 6 ವರ್ಷದ ಲೆಕ್ಕವಿತ್ತು. ಭವಿಷ್ಯ ನಿಧಿಯ 1995ರ ಪಿಂಚಣಿ ಯೋಜನೆಯಲ್ಲಿ 58 ತುಂಬಿದವರಿಗೆ ತಿಂಗಳ ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಬೇಕು. ‘ಅಮ್ಮ, ನಿಮಗೆ ಪಿಂಚಣಿ ಬರುವುದಿಲ್ಲ’ ಎಂದು ಹೇಳಿ ಕಳುಹಿಸಿಬಿಟ್ಟೆ. ಹಿಂದೆ ಇನ್ನೂ ಏಳೆಂಟು ಮಂದಿ ಕಾದಿದ್ದರು ಎಂಬುದು ಕಾರಣವಾದರೂ, ಕೇಳಬೇಕಾದ ಮಾತನ್ನು ನಾನು ಕೇಳಲಿಲ್ಲ, ಅದು ನನ್ನ ತಪ್ಪು. ಮುಂದಿನ ಶನಿವಾರ ಅವರೇ ತಿರುಗಿ ಬಂದರು. ‘ರೈಟ್ರೇ, ಅದಕ್ಕೂ ಮುಂಚೆ ಆಲ್ದೂರು ಕಡೆ ತೋಟದಲ್ಲಿ ಐದು ಕುಯ್ಲು ಮಾಡಿದ್ದೆ. ಅದು ಲೆಕ್ಕಕ್ಕಿಲ್ವಾ?’ ಎಂದರು.

ಲೆಕ್ಕಕ್ಕಿತ್ತು. ವರ್ಷಕ್ಕೊಂದು ಕುಯ್ಲು; ಆರಕ್ಕೆ ಐದು ಸೇರಿದರೆ ಹತ್ತು ದಾಟುತ್ತದೆ. ಎರಡು ತೋಟಗಳಲ್ಲಿ ಎರಡು ಖಾತೆ, ಎರಡರಲ್ಲೂ ಹೆಸರು ಬೇರೆಬೇರೆ ರೀತಿ; ಒಂದರಲ್ಲಿ ಗಂಡನ ಹೆಸರು ಅಂಟಿಕೊಂಡಿತ್ತು, ಇನ್ನೊಂದರಲ್ಲಿ ‘ಅಮ್ಮ’ ಬಿಟ್ಟುಹೋಗಿತ್ತು, ಆಧಾರ್ ಕಾರ್ಡಿನಲ್ಲಿ ಮೂರನೆಯದೊಂದು ರೂಪ. ಹೆಸರು ತಿದ್ದಲು ಮಾಲೀಕರೂ ಕಾರ್ಮಿಕರೂ ಸಹಿ ಹಾಕುವ ಜಂಟಿ ಘೋಷಣೆ, ಖಾತೆ ಸೇರಿಸಲು ಫಾರಂ 13, ಕೊನೆಗೆ ಪಿಂಚಣಿಗೆ ಫಾರಂ 10ಡಿ, ಇವನ್ನೆಲ್ಲ ಬರೆದೆ. ಆದರೆ ಬರೆಯುವುದು ಸುಲಭದ ಭಾಗ. ಹಳೆಯ ಪುಸ್ತಕಗಳಲ್ಲಿ ಯಾವ ವರ್ಷವನ್ನು ಹುಡುಕಬೇಕು ಎಂಬುದನ್ನು ಹೇಳಿದವರು ಅವರು. ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ತಡವಾಯಿತು, ಆಗ ತೋಟದ ರೈಟರು ಯಾರಾಗಿದ್ದರು, ಆ ಕುಯ್ಲಿಗೆ ಯಾವ ಊರಿನಿಂದ ಯಾರು ಯಾರು ಬಂದಿದ್ದರು, ಎಲ್ಲವೂ ಅವರ ನಾಲಗೆಯ ಮೇಲಿತ್ತು. ಕಚೇರಿಗೆ ನೆನಪು ಸಾಕ್ಷಿಯಾಗುವುದಿಲ್ಲ, ದಾಖಲೆಯೇ ಬೇಕು. ಆದರೆ ಆ ನೆನಪಿಲ್ಲದೆ ದಾಖಲೆ ಕೈಗೆ ಸಿಗುತ್ತಿರಲಿಲ್ಲ.

ಬೈಬಲಿನಲ್ಲಿರುವ ಪೇತ್ರನ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ, ಹೊಂದಿದ ಕೃಪಾವರವನ್ನು ಒಬ್ಬರಿಗೊಬ್ಬರು ಸೇವೆಮಾಡಲು ಬಳಸಬೇಕೆಂಬ ಮಾತಿದೆ. ಚಿಕ್ಕಂದಿನಿಂದ ಬಾಯಿಪಾಠವಾದ ಮಾತು ಅದು. ಅದರಲ್ಲಿ ‘ಕೃಪಾವರ’ವನ್ನು ಓದಿದ್ದೆ, ‘ಸೇವೆ’ಯನ್ನು ಓದಿದ್ದೆ, ‘ಒಬ್ಬರಿಗೊಬ್ಬರು’ ಎಂಬುದರ ಮೇಲೆ ಮಾತ್ರ ಕಣ್ಣು ನಿಂತಿರಲಿಲ್ಲ. ಕೊಡುವವನು ನಾನು, ತೆಗೆದುಕೊಳ್ಳುವವರು ಅವರು ಎಂದೇ ಜಗಲಿಯಲ್ಲಿ ಮೇಜು ಹಾಕಿದ್ದೆ. ಮೇಜಿನ ಆಚೆ ಕಡೆಯಲ್ಲೂ ವರವಿರುತ್ತದೆ ಎಂಬುದನ್ನು, ನಾನು ‘ಬರುವುದಿಲ್ಲ’ ಎಂದು ಕಳುಹಿಸಿದ ಹೆಂಗಸೇ ಬಂದು ತೋರಿಸಬೇಕಾಯಿತು.

ಕನಿಷ್ಠ ಪಿಂಚಣಿ ತಿಂಗಳಿಗೆ ₹1,000. ಅದು ದೊಡ್ಡ ಹಣವಲ್ಲವೆಂದು ನನಗೂ ಗೊತ್ತು. ಆದರೆ ಅವರ ಹೆಸರಿಗೆ, ಅವರ ಖಾತೆಗೆ ಬರುತ್ತದೆ.

ಈಗ ಅವರು ಬಿಡುವಿದ್ದ ಶನಿವಾರಗಳಲ್ಲಿ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಬಂದವರ ಮುಖ ನೋಡಿ ಯಾವ ತೋಟ, ಯಾವ ಲೈನ್ ಎಂದು ಕೇಳುತ್ತಾರೆ. ಕಳೆದ ವಾರ ಬಂದ ಒಬ್ಬರು ತಾವು ಕೆಲಸಕ್ಕೆ ಸೇರಿದ ವರ್ಷ ನೆನಪಿಲ್ಲವೆಂದು ತಲೆ ತಗ್ಗಿಸಿದಾಗ, ಈಕೆ ಸ್ವಲ್ಪ ಹೊತ್ತು ಬೆರಳು ಮಡಚಿ ಎಣಿಸಿ, ಆ ವರ್ಷ ಹೇಳಿ, ನನ್ನ ಕಡೆ ತಿರುಗಿದರು.

‘ಬರ್ಕೊಳ್ಳಿ ರೈಟ್ರೇ.’

ಬರೆದುಕೊಂಡೆ.