ಹೆಡ್‌ಗಾರ್ಡ್ ಇಲ್ಲದ ಮುಖ

ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಅಮೆರಿಕದ ಬಾಕ್ಸರ್ ಕ್ಲಾರೆಸ್ಸಾ ಶೀಲ್ಡ್ಸ್ ಅವರ ಮೊದಲ ವೃತ್ತಿಪರ ಪಂದ್ಯವನ್ನು ಮತ್ತೊಮ್ಮೆ ನೋಡಿದೆ. 2016ರ ನವೆಂಬರ್ 19, ಲಾಸ್ ವೇಗಸ್. ಎದುರಿಗೆ ಫ್ರಾಂಚೊನ್ ಕ್ರ್ಯೂಸ್. ಅವರಿಗೂ ಅದೇ ಮೊದಲ ಪಂದ್ಯ. ನಾಲ್ಕು ಸುತ್ತು ಮುಗಿದಾಗ ತೀರ್ಪುಗಾರರು ಒಮ್ಮತದಿಂದ ಶೀಲ್ಡ್ಸ್ ಗೆದ್ದರೆಂದರು.

ನನ್ನ ಕಣ್ಣು ಮಾತ್ರ ಅವರ ಮುಖದ ಮೇಲೇ ನಿಂತಿತ್ತು. ಮೂರು ತಿಂಗಳ ಹಿಂದೆ ರಿಯೋ ಒಲಿಂಪಿಕ್ಸ್‌ನಲ್ಲಿ ತಲೆಗೆ ರಕ್ಷಣೆಯ ಹೆಡ್‌ಗಾರ್ಡ್ ತೊಟ್ಟು ಚಿನ್ನ ಗೆದ್ದ ಹುಡುಗಿ, ಈಗ ಕೆನ್ನೆ, ಹುಬ್ಬು, ಕಿವಿ ಎಲ್ಲವನ್ನೂ ಪೆಟ್ಟಿಗೆ ಒಡ್ಡಿ ನಿಂತಿದ್ದಾಳೆ. ವಯಸ್ಸು ಕೇವಲ 21. ಆ ಮುಖದಲ್ಲಿ ಅಳುಕೆಂಬುದೇ ಇಲ್ಲ.

ಎರಡು ಒಲಿಂಪಿಕ್ ಚಿನ್ನ ಗೆದ್ದವರೂ ವೃತ್ತಿಪರ ಕಣದಲ್ಲಿ ಸೊನ್ನೆಯಿಂದಲೇ ಆರಂಭಿಸಬೇಕು; ಪದಕಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಯವರೆಗೆ ದೇಶದ ಜೆರ್ಸಿ, ತಂಡ, ಶಿಬಿರ. ಆಮೇಲೆ ಒಪ್ಪಂದ, ಟಿಕೆಟ್, ಟಿವಿ. ಹೆಣ್ಣುಮಕ್ಕಳ ಬಾಕ್ಸಿಂಗ್‌ಗೆ ದುಡ್ಡು ಹಾಕುವವರೇ ಅಪರೂಪವಾಗಿದ್ದ ಕಾಲವದು. ಅದು ನೆನಪಾದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೂ ನಾಲ್ಕನೆಯ ಪಂದ್ಯದಲ್ಲೇ, 2017ರ ಆಗಸ್ಟ್‌ನಲ್ಲಿ, ಅವರು ವಿಶ್ವ ಚಾಂಪಿಯನ್ ಆದರು. ಮಿಷಿಗನ್ ರಾಜ್ಯದ ಫ್ಲಿಂಟ್, ಕುಡಿಯುವ ನೀರಿನಲ್ಲಿ ಸೀಸ ಬೆರೆತು ನರಳಿದ ಊರು, ಅವರ ಹುಟ್ಟೂರು.

ಲಂಡನ್‌ನಲ್ಲಿ ಮೊದಲ ಚಿನ್ನ ಗೆದ್ದಾಗ ಅವರಿಗೆ 17. ನನ್ನ ಮಗಳಿಗೆ ಈಗ ಅದೇ ವಯಸ್ಸು. ಬಾಕ್ಸಿಂಗ್ ಗ್ಲೌಸ್ ಒಳಗೆ ಸುತ್ತಿಕೊಳ್ಳುವ ಅವಳ ಕೈಪಟ್ಟಿಗಳು ಬಾಲ್ಕನಿಯ ಹಗ್ಗದ ಮೇಲೆ ಒಣಗುತ್ತಿದ್ದವು. ಒಳಗೆ ತಂದು, ಸುರುಳಿ ಸುತ್ತಿ ಅವಳ ಚೀಲದಲ್ಲಿಟ್ಟೆ.