ಒಂದೇ ಪುಸ್ತಕ, ಎರಡು ಶಾಯಿ

ಇಂಗ್ಲಿಷ್ ಮೇಷ್ಟ್ರು ಹೋದ ಸುದ್ದಿ ಬಂದಾಗ ಮೊದಲು ನೆನಪಾದದ್ದು ಅವರ ಪಾಠ ಅಲ್ಲ, ಅವರ ಕೆಂಪು ಶಾಯಿ.

1991ರಲ್ಲಿ ನಾವು ಡಿಗ್ರಿ ಎರಡನೇ ವರ್ಷ. ಸಿಲಬಸ್‌ನಲ್ಲಿ ಏನಿತ್ತೋ, ಒಂದೂ ನೆನಪಿಲ್ಲ. ಸ್ಟಾಫ್ ರೂಮಿನ ಜಗಳ ಮಾತ್ರ ಕಿವಿಯಲ್ಲೇ ಇದೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದದ್ದು 1984ರಲ್ಲಿ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಮತ್ತೆ ಅದರದ್ದೇ ಮಾತು. ನಂಜನಗೂಡು ಸೀಮೆಯ ಆಡುಮಾತಿನ ಕಾದಂಬರಿ ಅಲ್ವಾ, ಕನ್ನಡ ಮೇಷ್ಟ್ರಿಗೆ ಒಗ್ಗಲೇ ಇಲ್ಲ. “ಕನ್ನಡದವನಿಗೇ ತಿಳಿಯದ ಕನ್ನಡ ಯಾಕ್ರೀ?” ಅನ್ನುತ್ತಿದ್ದರು. “ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ” ಅಂತ ಇಂಗ್ಲಿಷ್ ಮೇಷ್ಟ್ರು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಪ್ರತಿ. ಪುಟದ ಎಡಗಡೆ ನೀಲಿಯಲ್ಲಿ ಕನ್ನಡ ಮೇಷ್ಟ್ರ ತಕರಾರು, ಬಲಗಡೆ ಕೆಂಪಿನಲ್ಲಿ ಇಂಗ್ಲಿಷ್ ಮೇಷ್ಟ್ರ ಉತ್ತರ. ಸಂಜೆ ಒಂದೇ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದರು, ದಾರಿಯುದ್ದಕ್ಕೂ ಜಗಳ.

ಒಂದು ಮಧ್ಯಾಹ್ನ ಆ ಪುಸ್ತಕ ಮೇಜಿನ ಮೇಲಿತ್ತು. ಗೆಳೆಯನನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿ, ಒಂದು ನೀಲಿ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಬರೆದೆ: “ನಮ್ಮಜ್ಜಿ ಹೀಗೇ ಮಾತಾಡೋದು. ನನಗೆ ತಿಳಿಯುತ್ತೆ.”

ಮೂರನೇ ದಿನ ಇಂಗ್ಲಿಷ್ ಮೇಷ್ಟ್ರು ಕ್ಲಾಸಿಗೆ ಬಂದವರೇ ಪುಸ್ತಕವನ್ನು ನನ್ನ ಕೈಗಿಟ್ಟರು. ನನ್ನ ಅಕ್ಷರ ಅವರಿಗೆ ಗೊತ್ತಿಲ್ಲದ್ದೇ? “ಓದು” ಅಂದರು. ಅಜ್ಜಿಯ ರಾಗದಲ್ಲೇ ಓದಿದೆ. ತಲೆ ಎತ್ತಿದರೆ ಬಾಗಿಲಲ್ಲಿ ಕನ್ನಡ ಮೇಷ್ಟ್ರು. “ಇನ್ನೊಂದು ಪುಟ ಓದಪ್ಪ” ಅಂದರು. ಅವರನ್ನು ಹಾಗೆ ನಿಲ್ಲಿಸಿದವನು ನಾನು ಅನ್ನುವ ಹೆಮ್ಮೆ ಇವತ್ತಿಗೂ ಇದೆ.

ಈಗ ನಾನೂ ಮೇಷ್ಟ್ರು. 2010ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಮೇಷ್ಟ್ರುಗಳ ನೇಮಕ, ಬಡ್ತಿಗೆ ಎಪಿಐ ಅನ್ನುವ ಅಂಕ ತಂದಿತು. ಪ್ರಬಂಧಕ್ಕೆ ಅಂಕ, ಸೆಮಿನಾರಿಗೆ ಅಂಕ. ಪಕ್ಕದ ಮೇಜಿನವರ ಕಾದಂಬರಿ ಇಸ್ಕೊಂಡು ಓದುವುದಕ್ಕೆ ಅಂಕ ಇರಲಿಲ್ಲ. ಒಳ್ಳೆಯ ಕಥೆಗೇನೂ ಬರ ಬಂದಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಇಂಟರ್‌ನ್ಯಾಷನಲ್ ಬುಕರ್ ಬಂತು. ಕಥಾಸಂಕಲನಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ವಾಟ್ಸ್ಯಾಪಿನಲ್ಲಿ ಅಭಿನಂದನೆ ಬೇಕಾದಷ್ಟು. ಕಥೆ ಓದಿಕೊಂಡು ನನ್ನ ಜೊತೆ ಜಗಳಕ್ಕೆ ಬಂದವರು ಒಬ್ಬರೂ ಇಲ್ಲ. ನನಗೆ ಅದೇ ಸಂಕಟ.

ಹೋದ ವಾರ ಕನ್ನಡ ಮೇಷ್ಟ್ರ ಮನೆಗೆ ಹೋಗಿದ್ದೆ. ಆ ಪ್ರತಿ ಅವರ ಹತ್ತಿರವೇ ಇದೆ. ನನ್ನ ಪೆನ್ಸಿಲ್ ಸಾಲು ಅರ್ಧ ಮಾಸಿದೆ. ಅದರ ಕೆಳಗೆ ನೀಲಿಯಲ್ಲಿ “ಒಪ್ಪಿದೆ” ಅಂತಿದೆ. ಪಕ್ಕದಲ್ಲೇ ಕೆಂಪಿನಲ್ಲಿ, “ಅಂತೂ!”